ಕಳೆದುಹೋದ ದೊಡ್ಡಪ್ಪ

ಹಾಸಿಗೆರಾಯರ ಮನೆಯಲ್ಲಿ ದೊಡ್ಡಪ್ಪನ ಮಾತು ಬಂದರೆ ಬಹುವಚನ ಕಡ್ಡಾಯ. ದೊಡ್ಡಪ್ಪ ಬಂದರು, ದೊಡ್ಡಪ್ಪ ಏರಿದರು, ದೊಡ್ಡಪ್ಪ ಘರ್ಜಿಸಿದರು ಎಂದೇ ಹೇಳಬೇಕು. ಐದನೇ ಕ್ಲಾಸಿನ ಮಗಳು ಒಮ್ಮೆ ಊಟದ ನಡುವೆ ಬಾಯಿತಪ್ಪಿ 'ಅದು' ಎಂದುಬಿಟ್ಟು, ತಟ್ಟೆಯಲ್ಲಿದ್ದುದೆಲ್ಲ ಆರಿ ತಣ್ಣಗಾಗುವವರೆಗೂ ಹಿರಿಯರಿಗೆ ಗೌರವ ಕೊಡುವ ಬಗ್ಗೆ ಉಪನ್ಯಾಸ ಕೇಳಬೇಕಾಯಿತು.

ಹಾಗೆಂದು ಈ ದೊಡ್ಡಪ್ಪ ರಾಯರ ತಂದೆಯ ಅಣ್ಣನೇನಲ್ಲ. ಮನುಷ್ಯನೇ ಅಲ್ಲ. ಊರಾಚೆಯ ಮನರಂಜನಾ ಪಾರ್ಕಿನಲ್ಲಿ, ರಾಯರು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ಹಳಿಯ ಮೇಲೆ ಏರಿ ಇಳಿದು ಓಡುತ್ತಿದ್ದ ಡ್ರ್ಯಾಗನ್ ಆಕಾರದ ಒಂದು ರೈಲು. ಪಾರ್ಕಿನವರು ಅದಕ್ಕೆ ಏನೋ ಒಂದು ಹೆಸರು ಬರೆಸಿದ್ದರು. ಓದಲು ಬಾರದ ವಯಸ್ಸಿನ ಮಕ್ಕಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದೊಡ್ಡಪ್ಪ ಎಂದು ಕರೆದರು. ಪಕ್ಕದಲ್ಲಿ ಸುತ್ತುತ್ತಿದ್ದ ಇನ್ನೊಂದು ಪುಟ್ಟ ಆಟಕ್ಕೆ ಚಿಕ್ಕಪ್ಪ ಎಂಬ ಹೆಸರು ತಾನಾಗಿ ಬಂತು.

ರಾಯರ ಉದ್ಯೋಗ ಹಾಸಿಗೆ ಅಂಗಡಿಯಲ್ಲಿ ಮಾರಾಟ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರನ್ನು ಮಲಗಿಸಿ ತಾವು ನಿಂತಿರುವುದೇ ಅವರ ಕೆಲಸ. ಗಿರಾಕಿ ಹಾಸಿಗೆಯ ಮೇಲೆ ಬೆನ್ನು ಚಾಚಿದ ಕೂಡಲೇ ರಾಯರು ದೊಡ್ಡಪ್ಪನ ಕಥೆ ಶುರುಮಾಡುತ್ತಿದ್ದರು. ಕೇಳುತ್ತ ಕೇಳುತ್ತ ನಿದ್ದೆ ಹೋದವರು ಎದ್ದು ಅದೇ ಹಾಸಿಗೆಯನ್ನು ಕೊಂಡು ಹೋಗುತ್ತಿದ್ದುದರಿಂದ ಮಾಲೀಕರು ಇದಕ್ಕೆ ತಕರಾರು ತೆಗೆದಿರಲಿಲ್ಲ.

ಕಥೆಯಲ್ಲಿ ದೊಡ್ಡಪ್ಪ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದ್ದರು. ರಾಯರ ಮದುವೆಯ ಸುಮಾರಿಗೆ ಎರಡಂತಸ್ತಿನ ಮನೆಯಷ್ಟಿದ್ದವರು, ಮಗಳು ಹುಟ್ಟುವ ಹೊತ್ತಿಗೆ ನೀರಿನ ಟ್ಯಾಂಕನ್ನು ಮೀರಿಸಿದ್ದರು. ಈಗ ಮೋಡದ ಹತ್ತಿರ ಇದ್ದರು.

"ಮೇಲಿಂದ ಬಗ್ಗಿ ನೋಡಿದ್ರೆ ಹದ್ದಿನ ಬೆನ್ನು ಕಾಣೋದು ಕಣೇ," ಎನ್ನುತ್ತಿದ್ದರು ಹೆಂಡತಿಗೆ. "ದೊಡ್ಡವರೇ ಮೂರ್ಛೆ ಹೋಗೋರು. ನಾನು ಕಣ್ಣು ಕೂಡ ಮಿಟುಕಿಸ್ತಿರಲಿಲ್ಲ."

ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಬಾಯಿ ಅಗಲಿಸಿ ಕೂತವರನ್ನು ದಿನವಿಡೀ ನೋಡಿ ನೋಡಿ ಅವರಿಗೆ ಅಪಾರ ತಾಳ್ಮೆ ಬಂದುಬಿಟ್ಟಿತ್ತು. "ಹೂಂ," ಎಂದು ಸುಮ್ಮನಾಗುತ್ತಿದ್ದರು.

ಸುಮ್ಮನಾಗದವರು ಪಕ್ಕದ ಮನೆಯ ಇನ್‌ಸ್ಪೆಕ್ಟರು. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಬ್ರಹ್ಮಚಾರಿ. ನಿವೃತ್ತಿ ನೌಕರಿಗೆ ಮಾತ್ರ, ಗುಣಕ್ಕಲ್ಲ ಎಂದು ನಂಬಿದ್ದವರು. ಬಹಳ ವರ್ಷ ಮುಚ್ಚಿದ್ದ ಪಾರ್ಕು ಮತ್ತೆ ತೆರೆದಿದೆ ಎಂಬ ಸುದ್ದಿಯನ್ನು ಕಾಂಪೌಂಡಿನ ಮೇಲಿಂದ ತಂದವರೂ ಅವರೇ.

"ಏನ್ರೀ ರಾಯರೇ, ಹದ್ದು ಎಷ್ಟು ಎತ್ತರಕ್ಕೆ ಹಾರುತ್ತೆ ಅಂತ ಅಂದಾಜಾದ್ರೂ ಇದೆಯಾ ನಿಮಗೆ?"

"ಅಂದಾಜು ಯಾಕ್ ಸಾರ್? ಬನ್ನಿ ನಮ್ಜೊತೆ ಭಾನುವಾರ. ಕಣ್ಣಾರೆ ನೋಡಿ."

"ಬರ್ತೀನಿ. ಅಳತೆ ಟೇಪೂ ತರ್ತೀನಿ," ಎಂದರು ಇನ್‌ಸ್ಪೆಕ್ಟರು. ಅದು ಬೆದರಿಕೆಯಂತೆಯೇ ಕೇಳಿಸಿತು.

ಹೀಗೆ ಆ ಭಾನುವಾರ ಬೆಳಿಗ್ಗೆ ಚಳಿಯಲ್ಲಿ ರಾಯರ ಹಳೆಯ ಕಾರಿನಲ್ಲಿ ಐವರು ಹೊರಟರು. ಮುಂದೆ ರಾಯರು, ಪಕ್ಕದಲ್ಲಿ ಹಸಿರು ಸ್ವೆಟರಿನ ಇನ್‌ಸ್ಪೆಕ್ಟರು. ಹಿಂದೆ ಹೆಂಡತಿ, ಮಗಳು ಮತ್ತು ರಾಯರ ತಾಯಿ. ತಾಯಿ ಸಣ್ಣ ಆಕಾರದ ಮುದುಕಿ. ದಾರಿಯುದ್ದಕ್ಕೂ ಮಗನ ಭಾಷಣ ಕೇಳುತ್ತ ಎರಡು ಸಲ "ಅಲ್ವೋ..." ಎಂದು ಶುರುಮಾಡಿದರು. ಎರಡು ಸಲವೂ ಮಗ, "ಇರಮ್ಮಾ, ಇನ್ನೂ ಮುಖ್ಯವಾದದ್ದಿದೆ," ಎಂದು ತಡೆದರು.

"ಅಪ್ಪ, ನನಗೆ ಭಯ ಆದ್ರೆ?" ಎಂದಳು ಮಗಳು.

"ಆಗ್ಲೇಬೇಕು! ಭಯ ಆಗದಿದ್ರೆ ದೊಡ್ಡಪ್ಪನಿಗೆ ಅವಮಾನ."

ಪಾರ್ಕಿನ ಬಾಗಿಲು ಹೊಸದಾಗಿತ್ತು, ಬಣ್ಣ ಹೊಸದಾಗಿತ್ತು, ಕಾಲುದಾರಿಗಳೂ ಬದಲಾಗಿದ್ದವು. ರಾಯರು ಮಾತ್ರ ತವರಿಗೆ ಬಂದ ಮಗಳ ಹಾಗೆ ಸರಸರನೆ ಮುಂದೆ ನಡೆದರು. ಕತ್ತು ಪೂರ್ತಿ ಮೇಲೆತ್ತಿ ಆಕಾಶದಲ್ಲಿ ದೊಡ್ಡಪ್ಪನನ್ನು ಹುಡುಕುತ್ತಿದ್ದರಿಂದ ದಾರಿಯಲ್ಲಿ ಒಂದು ಕಸದ ಡಬ್ಬಿಗೂ, ಕರಡಿ ವೇಷ ಹಾಕಿದ್ದ ಒಬ್ಬನಿಗೂ ಡಿಕ್ಕಿ ಹೊಡೆದು ಇಬ್ಬರ ಕ್ಷಮೆಯನ್ನೂ ಕೇಳಿದರು.

ಕೊಳದ ಪಕ್ಕಕ್ಕೆ ಬಂದಾಗ ಮಗಳು ನಿಂತಳು. ಬೇಲಿಯೊಳಗೆ ಒಂದು ಹಸಿರು ಡ್ರ್ಯಾಗನ್, ಬಾಲ ಕಚ್ಚಲು ಹೊರಟ ನಾಯಿಯಂತೆ, ಗುಂಡಗೆ ಓಡುತ್ತಿತ್ತು. ಎತ್ತರದ ಏರು ಎಂಬುದು ರಾಯರ ಭುಜದಷ್ಟಿತ್ತು. ಒಳಗೆ ಕೂತಿದ್ದವರಲ್ಲಿ ಒಬ್ಬನ ಬಾಯಲ್ಲಿ ಹಾಲಿನ ಬಾಟಲಿಯಿತ್ತು.

"ಅಪ್ಪ, ಇದೇನಾ?"

"ಛೆ ಛೆ! ಇದು ಚಿಕ್ಕಪ್ಪ."

"ಲೋ, ಅದು..." ಎಂದರು ತಾಯಿ.

"ಅಮ್ಮಾ, ನಿಂಗೆ ಗೊತ್ತಾಗಲ್ಲ. ಆ ಬೆಂಚಿನ ಮೇಲೆ ಕೂತ್ಕೋ. ನಾನು ವಿಚಾರಿಸ್ಕೊಂಡು ಬರ್ತೀನಿ."

ತಾಯಿ ಹೋಗಿ ಕೂತರು. ಇನ್‌ಸ್ಪೆಕ್ಟರು ಟೇಪನ್ನು ಜೇಬಿನಿಂದ ಅರ್ಧ ಎಳೆದು, "ಅಳೆಯೋಕೆ ಏನೂ ಇಲ್ವಲ್ರೀ," ಎಂದು ಮತ್ತೆ ಒಳಗೆ ಬಿಟ್ಟುಕೊಂಡು, ಬಿಸಿ ಜೋಳದ ತೆನೆ ತಿನ್ನಲು ಗಾಡಿಯ ಕಡೆ ಹೋದರು. ಅಲ್ಲಿ ಕೊಟ್ಟ ಟೊಮ್ಯಾಟೊ ಸಾಸಿನ ಪೊಟ್ಟಣದಲ್ಲಿ ನಮೂದಿಸಿದಷ್ಟು ಮಾಲು ಇದೆಯೋ ಇಲ್ಲವೋ ಎಂದು ಹಿಸುಕಿ ಪರೀಕ್ಷಿಸಿದರು. ಮಾಲು ಬೇಕಾದಷ್ಟಿತ್ತು. ಎಲ್ಲವೂ ಅವರ ಹೊಟ್ಟೆಯ ಮೇಲೆ ಬಿತ್ತು.

ಅತ್ತ ರಾಯರು ಸಹಾಯ ಕೇಂದ್ರದ ಕಿಟಕಿಗೆ ಹೋಗಿ ನಿಂತರು. ಒಳಗಿದ್ದ ಯುವತಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಪಕ್ಕದಲ್ಲೇ ಕುದುರೆ ಚಕ್ರದ ಸಂಗೀತ ಕಿವಿ ಕೊರೆಯುತ್ತಿತ್ತು.

"ದೊಡ್ಡಪ್ಪ ಕಾಣಿಸ್ತಾ ಇಲ್ಲಮ್ಮ," ಎಂದರು ರಾಯರು. ದನಿ ತುಸು ನಡುಗಿತ್ತು.

ಯುವತಿಯ ಮುಖ ಕರಗಿತು. "ಗಾಬರಿ ಆಗ್ಬೇಡಿ ಸಾರ್. ಮೊದ್ಲು ನೀರು ಕುಡೀರಿ. ಕೊನೇ ಸಲ ಎಲ್ಲಿ ನೋಡಿದ್ರಿ ಅವರನ್ನ?"

"ಆ ಕೊಳದ ಪಕ್ಕ. ಯಾವಾಗ್ಲೂ ಅಲ್ಲೇ ಇರ್ತಿದ್ರು."

"ನೋಡೋಕೆ ಹೇಗಿದ್ದಾರೆ?"

"ಭಾರೀ ಆಳು. ಮೈಯೆಲ್ಲ ಹಸಿರು, ಹೊಟ್ಟೆ ಹತ್ರ ಮಾತ್ರ ಕೆಂಪು. ಬಾಯಲ್ಲಿ ಸದಾ ಹೊಗೆ."

"ಸಾರ್, ಪಾರ್ಕಲ್ಲಿ ಹೊಗೆ ಬಿಡೋ ಹಾಗಿಲ್ಲ."

"ನಮ್ಮ ಕಾಲದಲ್ಲಿ ಬಿಡ್ತಾ ಇದ್ರಮ್ಮ, ಯಾರೂ ಏನೂ ಅಂತಿರ್ಲಿಲ್ಲ." ರಾಯರು ನಿಟ್ಟುಸಿರಿಟ್ಟರು. "ಈಗ ಬಿಡಿಸಿಬಿಟ್ರೇನೋ, ಪಾಪ."

"ವಯಸ್ಸು ಎಷ್ಟಿರ್ಬಹುದು?"

"ನಾನು ಇಷ್ಟುದ್ದ ಇದ್ದಾಗ್ಲೇ ಹಳಬರು ಅವರು."

"ಮರೆವು ಏನಾದ್ರೂ..."

"ನನ್ನ ಮರೆಯೋಕೆ ಸಾಧ್ಯಾನೇ ಇಲ್ಲ!" ಎಂದ ರಾಯರು ಒಂದು ಕ್ಷಣ ತಡೆದು, "ಆದ್ರೆ ಎಷ್ಟೋ ವರ್ಷ ಆಯ್ತು. ಹೇಳೋಕಾಗಲ್ಲ," ಎಂದರು.

"ಅಯ್ಯೋ ಪಾಪ. ಕೋಪ ಜಾಸ್ತಿನಾ ಸಾರ್?"

"ಹತ್ತೋವಾಗ ಏನೂ ಇಲ್ಲ, ಬರೀ ಗೊಣಗಾಟ. ಇಳಿಯೋವಾಗ ನೋಡ್ಬೇಕು! ಆ ಕಿರುಚಾಟ ಕೇಳಿದ್ರೆ ಅಕ್ಕಪಕ್ಕದೋರ ಎದೆ ಝಲ್ ಅನ್ನೋದು. ಮಕ್ಕಳನ್ನ ಹೊತ್ಕೊಂಡು ಓಡೋಕೆ ಶುರುಮಾಡಿದ್ರೆ ತಡೆಯೋರೇ ಇಲ್ಲ."

ಯುವತಿಯ ಪೆನ್ನು ಕೈಯಿಂದ ಜಾರಿತು. "ಮಕ್ಕಳನ್ನಾ? ಯಾರ ಮಕ್ಕಳನ್ನ?"

"ಯಾರದ್ದಾದ್ರೂ ಸರಿ. ಒಂದೇ ಸಲಕ್ಕೆ ಹತ್ತು ಹನ್ನೆರಡು ಮಕ್ಕಳು!" ರಾಯರ ಕಣ್ಣು ತೇವವಾಯಿತು. "ಸ್ವಲ್ಪ ಹುಡುಕಿಸಿಕೊಡಮ್ಮ. ಮಗಳಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ರಾಯರು ಬೆನ್ನು ತಿರುಗಿಸುವಷ್ಟರಲ್ಲಿ ಪಾರ್ಕಿನ ಮೂಲೆಮೂಲೆಯ ಧ್ವನಿವರ್ಧಕಗಳು ಏಕಕಾಲಕ್ಕೆ ಕೆಮ್ಮಿದವು.

"ದಯವಿಟ್ಟು ಗಮನಿಸಿ. ವಯಸ್ಸಾದ ಹಿರಿಯರೊಬ್ಬರು ಕಳೆದುಹೋಗಿದ್ದಾರೆ. ಹಸಿರು ಉಡುಪು, ಹೊಟ್ಟೆಯ ಬಳಿ ಕೆಂಪು. ಬಾಯಿಂದ ಹೊಗೆ ಬಿಡುವ ಅಭ್ಯಾಸವಿದೆ. ಮರೆವಿನ ತೊಂದರೆ ಇರುವುದರಿಂದ ತಮ್ಮವರನ್ನೇ ಗುರುತಿಸದೆ ಇರಬಹುದು. ಪೋಷಕರು ತಮ್ಮ ಮಕ್ಕಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗಿ ವಿನಂತಿ."

ಬೆಂಚಿನ ಬಳಿಗೆ ಬಂದ ರಾಯರು ತಲೆ ಅಲ್ಲಾಡಿಸಿದರು. "ಪಾಪ, ಯಾರೋ ಮನೆಯ ಹಿರೀಕರನ್ನ ಕಳ್ಕೊಂಡಿದ್ದಾರೆ. ಎಂಥ ಬೇಜವಾಬ್ದಾರಿ ಜನ ಇರ್ತಾರೆ ನೋಡು."

"ಹೂಂ," ಎಂದರು ಹೆಂಡತಿ. ಆದರೆ ಈ ಸಲದ 'ಹೂಂ' ಸ್ವಲ್ಪ ಉದ್ದವಾಗಿತ್ತು.

ಜೋಳದ ಗಾಡಿಯ ಹತ್ತಿರ, ಮೆಟ್ಟಿಲ ಮೇಲೆ ನಿಂತು ಇನ್‌ಸ್ಪೆಕ್ಟರು ಸುಡುವ ಜೋಳವನ್ನು ಕಚ್ಚಿದ್ದರು. ಚಳಿಗೆ ಬಾಯಿಂದ 'ಹಾ ಹಾ' ಎಂದು ಹಬೆ ಬರುತ್ತಿತ್ತು. ಹಸಿರು ಸ್ವೆಟರು. ಹೊಟ್ಟೆಯ ಮೇಲೆ ಸಾಸು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವರನ್ನು ಒಮ್ಮೆ ನೋಡಿದಳು, ಧ್ವನಿವರ್ಧಕವನ್ನು ಒಮ್ಮೆ ನೋಡಿದಳು, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಓಡಿದಳು. ಮರುಗಳಿಗೆಯಲ್ಲಿ ಸಹಾಯ ಕೇಂದ್ರದ ಯುವತಿ ಎಲ್ಲ ವಿವರ ಹೇಳಿ ಕಳಿಸಿದ್ದ ಇಬ್ಬರು ಕಾವಲುಗಾರರು ಪ್ರತ್ಯಕ್ಷರಾದರು. ಒಬ್ಬ ದಪ್ಪ, ಒಬ್ಬ ಸಣಕಲ.

"ಬನ್ನಿ ಅಜ್ಜಾರೇ, ಮನೆಯವರು ಕಾಯ್ತಾ ಇದ್ದಾರೆ," ಎಂದ ದಪ್ಪನವನು, ಮಗುವನ್ನು ಮಾತಾಡಿಸುವ ದನಿಯಲ್ಲಿ.

"ನಂಗೆ ಮನೆಯವರೇ ಇಲ್ಲ!"

ಕಾವಲುಗಾರರು ಮುಖ ಮುಖ ನೋಡಿಕೊಂಡರು. "ಪೂರ್ತಿ ಮರ್ತೇಬಿಟ್ಟಿದ್ದಾರೆ," ಎಂದು ಸಣಕಲ ಲೊಚಗುಟ್ಟಿದ. "ನಿಮ್ಮ ತಮ್ಮನ ಮಗ ಬಂದಿದ್ದಾರೆ ಅಜ್ಜಾರೇ. ನೀವು ಅವರ ದೊಡ್ಡಪ್ಪ. ನೆನಪು ಮಾಡ್ಕೊಳಿ."

ಇನ್‌ಸ್ಪೆಕ್ಟರು ಜೋಳವನ್ನು ಲಾಠಿಯಂತೆ ಹಿಡಿದು ನೆಟ್ಟಗೆ ನಿಂತರು. "ಕೇಳಯ್ಯಾ. ದೊಡ್ಡಪ್ಪ ಆಗ್ಬೇಕಾದ್ರೆ ಮೊದ್ಲು ಒಬ್ಬ ತಮ್ಮ ಇರ್ಬೇಕು. ಆ ತಮ್ಮನಿಗೆ ಮದುವೆ ಆಗಿರ್ಬೇಕು. ಮಗು ಹುಟ್ಟಿರ್ಬೇಕು. ನಾನು ನಮ್ಮಪ್ಪನಿಗೆ ಒಬ್ನೇ ಮಗ. ಇನ್ನು ನಾನು ದೊಡ್ಡಪ್ಪ ಆಗೋದು ಯಾವ ಲೆಕ್ಕದಲ್ಲಿ?"

"ಹೌದು ಅಜ್ಜಾರೇ, ಲೆಕ್ಕ ಎಲ್ಲ ಆಮೇಲೆ ಮಾಡೋಣ. ಮೆಟ್ಟಿಲು ಇಳೀರಿ, ನಿಧಾನ."

"ಇಳಿಯಲ್ಲ! ಬಿಡ್ರೋ ನನ್ನ!" ಎಂದು ಇನ್‌ಸ್ಪೆಕ್ಟರು ಕಿರುಚಿದ ಕೂಡಲೇ ದಪ್ಪನವನು ತೃಪ್ತಿಯಿಂದ ತಲೆಯಾಡಿಸಿದ. "ಇವರೇ. ಇಳಿಯೋವಾಗ ಕಿರುಚ್ತಾರೆ ಅಂತ ಮೊದ್ಲೇ ಹೇಳಿದಾರೆ."

ಸುತ್ತ ಸೇರಿದ ಜನ ತಲೆಗೊಂದು ಸಲಹೆ ಕೊಟ್ಟರು. ಒಬ್ಬರು ಬಿಸಿಲಿಗೆ ಕೂರಿಸಿ ಎಂದರು, ಒಬ್ಬರು ಹಳೆಯ ಫೋಟೊ ತೋರಿಸಿ ಎಂದರು. ಹಲ್ಲು ಬಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, "ತಾತ, ನಿಮ್ಮ ಹೆಸರೇನು ಹೇಳಿ ನೋಡೋಣ," ಎಂದು ಪರೀಕ್ಷೆ ಮಾಡಿದಳು. ಸಿಟ್ಟಿನಲ್ಲಿ ಇನ್‌ಸ್ಪೆಕ್ಟರಿಗೆ ಹೆಸರು ತಕ್ಷಣ ಬಾಯಿಗೆ ಬರಲಿಲ್ಲ. ಅಲ್ಲಿಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ಅವರನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿ, ಮೊಣಕಾಲಿಗೆ ಕಂಬಳಿ ಹೊದಿಸಿ, ಜನರು ಚಪ್ಪಾಳೆ ತಟ್ಟುತ್ತಿದ್ದಂತೆ ಮೆರವಣಿಗೆಯಲ್ಲಿ ತರಲಾಯಿತು.

"ಸಿಕ್ಕಿದ್ರು ಸಾರ್! ನಿಮ್ಮ ದೊಡ್ಡಪ್ಪ ಸಿಕ್ಕಿದ್ರು!" ಎಂದು ಸಹಾಯ ಕೇಂದ್ರದ ಯುವತಿಯೇ ಓಡಿಬಂದು ರಾಯರಿಗೆ ತಿಳಿಸಿದಳು.

ರಾಯರು ಮಗಳ ಕೈ ಹಿಡಿದು ಓಡಿದರು. ಹಿಂದೆ ಹೆಂಡತಿ, ಅವರ ಹಿಂದೆ ತಾಯಿ. ಗಾಡಿಯ ಮುಂದೆ ನಿಂತು ರಾಯರು ಅತ್ತ ನೋಡಿದರು, ಇತ್ತ ನೋಡಿದರು, ರೂಢಿಯಂತೆ ಆಕಾಶವನ್ನೂ ನೋಡಿದರು.

"ಎಲ್ಲಿ?"

"ಇಲ್ಲೇ ಇದ್ದಾರಲ್ಲ ಸಾರ್!"

"ಇವರಾ? ಇವರು ನಮ್ಮ ಪಕ್ಕದ್ಮನೆಯವರು."

"ಹಾಗಾದ್ರೆ ದೊಡ್ಡಪ್ಪ ಇನ್ನೂ ಹೊರಗಡೇನೇ ಇದ್ದಾರೆ!" ಎಂದು ಯುವತಿ ಮತ್ತೆ ಮೈಕಿನ ಕಡೆಗೆ ಹಾರಿದಳು. ಅಷ್ಟರಲ್ಲಿ ಟೈ ಕಟ್ಟಿದ ಮ್ಯಾನೇಜರು ಏದುಸಿರು ಬಿಡುತ್ತ ಬಂದು ಅವಳನ್ನು ತಡೆದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ರಾಯರು ದೊಡ್ಡಪ್ಪನ ಮಹಿಮೆಯನ್ನು ಹೇಳಿದರು, ಇನ್‌ಸ್ಪೆಕ್ಟರು ಕಾನೂನನ್ನು ಹೇಳಿದರು, ಕಾವಲುಗಾರರು ಹಬೆಯ ವಿಷಯ ಹೇಳಿದರು. ಕೊನೆಗೆ ರಾಯರ ಹೆಂಡತಿ ಮುಂದೆ ಬಂದರು.

"ಸಾರ್, ದೊಡ್ಡಪ್ಪ ಅಂದ್ರೆ ಒಂದು ರೈಲು," ಎಂದರು.

ಕುದುರೆ ಚಕ್ರದ ಸಂಗೀತವೂ ಅದೇ ಗಳಿಗೆಗೆ ನಿಂತಿತು.

ಮ್ಯಾನೇಜರು ಟೈ ಸಡಿಲಿಸಿಕೊಂಡರು. "ಸಾರ್, ನಮ್ಮ ಪಾರ್ಕಲ್ಲಿ ಡ್ರ್ಯಾಗನ್ ಇರೋದು ಒಂದೇ. ಆ ಕೊಳದ ಹತ್ರ. ಮೊದ್ಲಿಂದಾನೂ ಅದೇ, ಬಣ್ಣ ಮಾತ್ರ ಹೊಸದು."

"ಅದು ಚಿಕ್ಕಪ್ಪ ಸಾರ್! ನನಗೇ ಹೇಳ್ತೀರಾ? ದೊಡ್ಡಪ್ಪನನ್ನ ಯಾರಿಗೋ ಮಾರಿಬಿಟ್ಟಿದ್ದೀರಿ ನೀವು!"

"ಲೋ," ಎಂದರು ತಾಯಿ. ಈ ಸಲ ತಡೆಯಲು ರಾಯರಿಗೆ ಉಸಿರಿರಲಿಲ್ಲ. "ಚಿಕ್ಕಪ್ಪ ಅಂದ್ರೆ ಆ ಬಾತುಕೋಳಿ ಚಕ್ರ ಅಲ್ವೇನೋ? ಅದನ್ನ ಕಿತ್ತು ಐಸ್‌ಕ್ರೀಂ ಅಂಗಡಿ ಮಾಡಿದಾರೆ. ನಿನ್ನ ದೊಡ್ಡಪ್ಪ ಇದೇ ಕಣೋ. ಆಗ ನೀನು ನನ್ನ ಸೊಂಟಕ್ಕೆ ಬರ್ತಿದ್ದೆ, ಅಷ್ಟೇ. ಬೆಳಿಗ್ಗೆಯಿಂದ ಅದನ್ನೇ ಹೇಳೋಣ ಅಂತಿದ್ದೀನಿ."

ರಾಯರು ಬೇಲಿಯ ಬಳಿ ಹೋಗಿ ಡ್ರ್ಯಾಗನ್ನಿನ ಮುಖವನ್ನು ದಿಟ್ಟಿಸಿದರು. ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೇಲಿತ್ತು. ಆಗಲೂ ಹಾಗೇ ಇತ್ತು. ಅನುಮಾನವೇ ಇಲ್ಲ, ಇವರೇ.

"ಇಷ್ಟೇನಾ?" ಎಂದರು ಸಣ್ಣ ದನಿಯಲ್ಲಿ.

ಇನ್‌ಸ್ಪೆಕ್ಟರು ಟೇಪು ಹಿಡಿದು ಬೇಲಿ ದಾಟಲು ಹೊರಟಿದ್ದರು. ರಾಯರ ಮುಖ ನೋಡಿ, ಏನನಿಸಿತೋ, ಟೇಪನ್ನು ಒಳಗೆ ಬಿಟ್ಟುಕೊಂಡರು. ಅವರ ಜೀವಮಾನದಲ್ಲಿ ಅಳೆಯದೆ ಬಿಟ್ಟ ವಸ್ತು ಅದೊಂದೇ ಇರಬೇಕು. ಸಿಟ್ಟನ್ನೆಲ್ಲ ಮ್ಯಾನೇಜರ ಮೇಲೆ ತಿರುಗಿಸಿ, "ನನ್ನ ಹಿಡಿದು ತಂದದ್ದಕ್ಕೆ ಮೇಲಿನವರಿಗೆ ದೂರು ಕೊಡ್ತೀನಿ," ಎಂದರು. ಮ್ಯಾನೇಜರು ಕೈ ಮುಗಿದು, ಎಲ್ಲರಿಗೂ ಡ್ರ್ಯಾಗನ್ ಸವಾರಿ ಬಿಟ್ಟಿ, ಎಷ್ಟು ಸಲ ಬೇಕಾದರೂ ಹತ್ತಬಹುದು, ಮಗುವಿನ ಜೊತೆ ದೊಡ್ಡವರಿಗೂ ಅವಕಾಶವಿದೆ ಎಂದು ಘೋಷಿಸಿದರು.

"ನಡಿ ಮಗಳೇ," ಎಂದರು ರಾಯರು. "ಗಾತ್ರ ನೋಡಿ ಯಾರನ್ನೂ ಹಗುರವಾಗಿ ನೋಡಬಾರದು."

ಹಾಸಿಗೆಯ ವಿಷಯದಲ್ಲಿ ಅಷ್ಟೊಂದು ತಿಳಿದಿದ್ದ ರಾಯರು ತಮ್ಮ ಸ್ವಂತ ಅಗಲದ ವಿಷಯದಲ್ಲಿ ತಪ್ಪಿದರು. ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಇಳಿದು ಕೂತಾಗ ಮಂಡಿ ಎರಡೂ ಕಿವಿಯ ಹತ್ತಿರ ಬಂದವು. ಡ್ರ್ಯಾಗನ್ ಗೊಣಗುತ್ತ ಏರಿತು. ಏರಿನ ತುದಿಯಲ್ಲಿ ಕ್ಷಣ ನಿಂತಿತು. ಕೆಳಗೆ ಬಿದ್ದದ್ದು ಒಂದು ಆಳೆತ್ತರವೂ ಇರಲಿಲ್ಲ, ಆದರೆ ಕಾಲು ಊರಲು ಜಾಗವಿಲ್ಲದ ಮನುಷ್ಯನಿಗೆ ಅಷ್ಟು ಸಾಕು. "ಅಮ್ಮಾ!" ಎಂದು ರಾಯರು ಹಾಕಿದ ಕೂಗಿಗೆ ಕೊಳದ ಬಾತುಕೋಳಿಗಳು ಎದ್ದು ಹಾರಿದವು. ಹಿಂದಿನ ಸೀಟುಗಳಿಂದ ಮಕ್ಕಳ ನಗೆ ಹೊಮ್ಮಿತು. ಎಲ್ಲಕ್ಕಿಂತ ಜೋರಾಗಿ ನಕ್ಕವಳು ಅವರ ಮಗಳು.

ರೈಲು ನಿಂತಿತು. ಎಲ್ಲರೂ ಇಳಿದರು. ರಾಯರು ಇಳಿಯಲಿಲ್ಲ.

"ಇಳೀರಿ ಸಾರ್," ಎಂದ ನಿರ್ವಾಹಕ.

"ಇಳೀತಾ ಇದ್ದೀನಿ," ಎಂದರು ರಾಯರು, ಸ್ವಲ್ಪವೂ ಅಲುಗದೆ.

ಸರದಿಯಲ್ಲಿದ್ದ ಪುಟಾಣಿಗಳು ಅಳಲು ಶುರುಮಾಡಿದ್ದರಿಂದ ಅವರನ್ನು ಹತ್ತಿಸಿಕೊಂಡು ರೈಲು ಹಾಗೇ ಹೊರಟಿತು. ರಾಯರ ಎರಡನೇ ಸವಾರಿ ಮೊದಲನೆಯದಕ್ಕಿಂತ ಭೀಕರವಾಗಿತ್ತು, ಮೂರನೆಯದು ಎರಡನೆಯದಕ್ಕಿಂತ. ಹಿಂದಿದ್ದ ಒಂದು ಮಗು ಅವರ ಬೋಳುತಲೆಯನ್ನು ತಟ್ಟಿ, "ಅಳ್ಬೇಡಿ ಅಂಕಲ್, ಈಗ ನಿಲ್ಲುತ್ತೆ," ಎಂದು ಸಮಾಧಾನ ಹೇಳಿತು. ಆಮೇಲೆ ನಾಲ್ಕು ಜನ ಸೇರಿ ಎಳೆದರು. "ಎಳೀಬೇಡ್ರಪ್ಪಾ! ಹಾಸಿಗೆ ಕವರು ತೆಗೆಯೋ ಹಾಗೆ ಒಂದು ಮೂಲೆಯಿಂದ ಬಿಡಿಸ್ಕೊಂಡು ಬನ್ನಿ!" ಎಂದು ರಾಯರು ಒಳಗಿನಿಂದ ತಾಂತ್ರಿಕ ಸಲಹೆ ಕೊಟ್ಟರು. ಅದರಂತೆ ಮಾಡಿದಾಗ 'ಪುಸ್' ಎಂದು ಹೊರಬಂದರು.

"ಇನ್ಮೇಲೆ ನೀವು ಹತ್ತೋ ಹಾಗಿಲ್ಲ ಸಾರ್," ಎಂದ ನಿರ್ವಾಹಕ.

"ಅಪ್ಪ, ಎಂಥಾ ಸಖತ್ತಾಗಿತ್ತು ಗೊತ್ತಾ!" ಮಗಳು ಹೊಟ್ಟೆ ಹಿಡಿದುಕೊಂಡೇ ಹೇಳಿದಳು. "ನಾನು ಇನ್ನೊಂದ್ಸಲ ಹೋಗ್ತೀನಿ. ಅಜ್ಜಿ, ನೀನು ಬಾ."

"ನಾನಾ?" ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನು ಯಾವತ್ತೂ ಹತ್ತಿಲ್ಲ ಮಗು."

ರಾಯರು ಶರ್ಟು ಸರಿಮಾಡಿಕೊಳ್ಳುವುದನ್ನು ನಿಲ್ಲಿಸಿದರು. "ಹತ್ತಿಲ್ವಾ? ಎಷ್ಟು ಸಲ ಬಂದಿದ್ದೀವಲ್ಲಮ್ಮ ನಾವು!"

"ನೀನು, ನಿಮ್ಮಪ್ಪ ಹತ್ತುತಾ ಇದ್ರಿ. ನಾನೂ ಹತ್ತಿದ್ರೆ ನಿಮ್ಮ ಚಪ್ಪಲಿ, ಚೀಲ ಯಾರು ನೋಡ್ಕೊಳೋದು?"

ರಾಯರು ಶರ್ಟನ್ನು ಹಾಗೇ ಬಿಟ್ಟು ತಾಯಿಯ ಹತ್ತಿರ ಬಂದರು. ಕೈ ಮುಂದೆ ಚಾಚಿದರು. ತಾಯಿ ಆ ಕೈಯನ್ನು ನೋಡಿದರು. ಆಮೇಲೆ ಚೀಲ ಕೊಟ್ಟರು, ಶಾಲು ಕೊಟ್ಟರು, ಕನ್ನಡಕ ಕೊಟ್ಟರು, ಬಗ್ಗಿ ಚಪ್ಪಲಿಯನ್ನೂ ತೆಗೆದು ಕೊಟ್ಟರು. ಮೊಮ್ಮಗಳ ಪಕ್ಕ ಮುಂದಿನ ಸೀಟಿನಲ್ಲಿ, ದಿಂಬು ತನ್ನ ಕವರಿನೊಳಗೆ ಸೇರಿಕೊಳ್ಳುವಷ್ಟು ಸಲೀಸಾಗಿ ಕೂತರು. ಕೊನೆಯ ಸೀಟಿನಲ್ಲಿ ಇನ್‌ಸ್ಪೆಕ್ಟರು ಕೈಕಟ್ಟಿ, ಸಾಸಿನ ಹೊಟ್ಟೆಯೊಂದಿಗೆ, ತಪಾಸಣೆಗೆ ಬಂದವರ ಗಾಂಭೀರ್ಯದಲ್ಲಿ ಹತ್ತಿದರು. ಹೆಂಡತಿ ಬೇಲಿಯ ಆಚೆ ತುದಿಯಲ್ಲಿ ಫೋಟೊಗೆ ಸಜ್ಜಾದರು.

ರಾಯರು ಬೇಲಿಗೆ ಒರಗಿ ನಿಂತರು. ಪಕ್ಕದಲ್ಲಿ ಒಬ್ಬಳು ಹುಡುಗಿಯಂಥ ತಾಯಿ ಬೆರಳುದ್ದದ ಎರಡು ಬೂಟು ಹಿಡಿದು ನಿಂತಿದ್ದಳು. ಡ್ರ್ಯಾಗನ್ ಏರಿ, ತುದಿಯಲ್ಲಿ ನಿಂತು, ಬಿತ್ತು. ಆಗ ಮುಂದಿನ ಸೀಟಿನಿಂದ ಎದ್ದ ಚೀತ್ಕಾರದ ಮುಂದೆ ರಾಯರದು ಬರೀ ಬಿಕ್ಕಳಿಕೆ ಎನಿಸಿತು.

"ಅಬ್ಬಾ! ಯಾರ್ರೀ ಅದು?" ಎಂದಳು ಪಕ್ಕದವಳು. "ನಿಮ್ಮ ಮಗೂನೂ ಇದೆಯಾ ಅದರಲ್ಲಿ?"

"ಹೂಂ. ಮುಂದಿನ ಸೀಟು. ನಮ್ಮಮ್ಮ," ಎಂದರು ರಾಯರು.

"ಇಳಿಸಿಬಿಡಿ ಸಾರ್, ಪಾಪ ತುಂಬಾ ಹೆದರ್ಕೊಂಡಿದ್ದಾರೆ."

ಅಷ್ಟರಲ್ಲಿ ಡ್ರ್ಯಾಗನ್ ಬೇಲಿಯ ಪಕ್ಕಕ್ಕೇ ನುಗ್ಗಿ ಬಂತು. ತಾಯಿಯ ಕೂದಲು ಬಿಚ್ಚಿ ಹಾರುತ್ತಿತ್ತು, ಎರಡೂ ಕೈ ಮೇಲೆದ್ದಿದ್ದವು.

"ಲೋ!" ಎಂದು ಕೂಗಿದರು ತಾಯಿ. "ಚೀಲ ಕೆಳಗಿಡಬೇಡ್ವೋ, ಕೆಸರಿದೆ! ನಾನಿನ್ನೂ ಎರಡು ಸಲ ಹೋಗ್ತೀನಿ!"

ರಾಯರು ಚೀಲವನ್ನು ಎದೆಗೆ ಅವುಚಿಕೊಂಡರು.